ಬೆಲ್‌ಫಾಸ್ಟಿನ ಅಟ್ಟದ ಮೇಲಿನ ನಗು

ಕೇಳುಗರೇ, ನಮಸ್ಕಾರ.

ಹಳೆಯ ಅಚ್ಚುಕೂಟದ ಒಳಗೆ ಹೋಗಿ ನೋಡಿದ್ದೀರಾ? ಮರದ ಪೆಟ್ಟಿಗೆ, ಅದರ ತುಂಬ ಪುಟ್ಟ ಪುಟ್ಟ ಖಾನೆ, ಖಾನೆಗೊಂದು ಅಕ್ಷರ. ಸೀಸದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಸಾಲು ಜೋಡಿಸಬೇಕು. ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿರುತ್ತವೆ. ಒಂದು ಪುಟ ಅಚ್ಚಾದ ಮೇಲೆ ಎಲ್ಲವನ್ನೂ ಬಿಡಿಸಿ, ಮತ್ತೆ ಅದರದರ ಖಾನೆಗೆ ಹಾಕಬೇಕು. ಹೊಟ್ಟೆಪಾಡಿಗಾಗಿ ಈ ಕೆಲಸ ಮಾಡಿದವರು ನಮ್ಮಲ್ಲೂ ಬಹಳ ಜನ ಇದ್ದರು. ದುಡ್ಡಿನ ಆಸೆ ಒಂದಿಷ್ಟೂ ಇಲ್ಲದೆ, ದೂರದ ಗೆಳೆಯರನ್ನು ನಗಿಸಬೇಕು ಅಂತ ಮನೆಯಲ್ಲೇ ಕೂತು ಮೊಳೆ ಜೋಡಿಸಿದ ಒಬ್ಬರ ಬಗ್ಗೆ ಇವತ್ತು ಹೇಳುತ್ತೇನೆ.

ಅವರ ಹೆಸರು ವಾಲ್ಟ್ ವಿಲ್ಲಿಸ್. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನವರು. 1919ರಲ್ಲಿ ಹುಟ್ಟಿದರು. ಹಗಲೆಲ್ಲ ಸರ್ಕಾರಿ ನೌಕರಿ. ಉಳಿದ ಹೊತ್ತೆಲ್ಲ ವಿಜ್ಞಾನ ಕಥೆಗಳ ಹುಚ್ಚು.

ಆ ಹುಚ್ಚಿನ ಲೋಕ ಹೇಗಿತ್ತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. 1926ರಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವರು ಬರೀ ವಿಜ್ಞಾನ ಕಥೆಗಳಿಗೆಂದೇ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಶುರು ಮಾಡಿದರು. ಅದರಲ್ಲಿ ಓದುಗರ ಪತ್ರಗಳು ಬರುತ್ತಿದ್ದವು, ಪತ್ರದ ಕೆಳಗೆ ವಿಳಾಸವೂ ಇರುತ್ತಿತ್ತು. ವಿಳಾಸ ಸಿಕ್ಕಿತು ಅಂದ ಮೇಲೆ ಓದುಗರು ತಮ್ಮತಮ್ಮಲ್ಲೇ ಪತ್ರ ಬರೆಯತೊಡಗಿದರು. ಪತ್ರಗಳು ಸಾಲದೆ ತಮ್ಮದೇ ಸಣ್ಣ ಪತ್ರಿಕೆ ಮಾಡಿದರು. 1930ರಲ್ಲಿ 'ದಿ ಕಾಮೆಟ್' ಬಂತು. ಇಂಥ ಅಭಿಮಾನಿ ಪತ್ರಿಕೆಗೆ 'ಫ್ಯಾನ್‌ಝೀನ್' ಅನ್ನುವ ಹೆಸರು ಬಿದ್ದದ್ದು 1940ರಲ್ಲಿ.

ಫ್ಯಾನ್‌ಝೀನನ್ನು ದುಡ್ಡು ಕೊಟ್ಟೇ ತರಿಸಬೇಕು ಅಂತೇನೂ ಇರಲಿಲ್ಲ. ನೀವು ನಿಮ್ಮ ಪತ್ರಿಕೆ ಕಳಿಸಿದರೆ ಅವರು ಅವರದ್ದು ಕಳಿಸುತ್ತಿದ್ದರು. ಅಥವಾ ಒಂದು ಲೇಖನ, ಒಂದು ಚಿತ್ರ, ಕೊನೆಗೆ ಓದಿ ಹೇಗನ್ನಿಸಿತು ಅಂತ ಒಂದು ಪತ್ರ ಬರೆದರೂ ಸಾಕು, ಮುಂದಿನ ಸಂಚಿಕೆ ಅಂಚೆಯಲ್ಲಿ ಬರುತ್ತಿತ್ತು. ಹೆಚ್ಚಿನವರು ಸೈಕ್ಲೋಸ್ಟೈಲ್ ಯಂತ್ರದಲ್ಲೇ ತೆಗೆಯುತ್ತಿದ್ದರು. ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದರಲ್ಲ, ಅದೇ ಯಂತ್ರ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡಿ, ಉರುಳೆಗೆ ಸುತ್ತಿ, ಹಿಡಿಕೆ ತಿರುಗಿಸಬೇಕು. ತಪ್ಪಾದರೆ ಮೇಲೆ ಒಂದು ದ್ರವ ಬಳಿದು, ಒಣಗಿದ ಮೇಲೆ ಮತ್ತೆ ಟೈಪು ಮಾಡಬೇಕು. ಆ ದ್ರವಕ್ಕೆ ಈ ಜನ 'ಕಾರ್‌ಫ್ಲೂ' ಅಂತ ಅಡ್ಡಹೆಸರು ಇಟ್ಟರು. ಮುಂದೆ ಫ್ಯಾನ್‌ಝೀನ್ ಪ್ರಿಯರು ವರ್ಷಕ್ಕೊಮ್ಮೆ ಸೇರುವ ಕೂಟಕ್ಕೂ ಅದೇ ಹೆಸರಾಯಿತು. ಕೈಗೆ ಮೆತ್ತಿಕೊಳ್ಳುವ ದ್ರವದ ಮೇಲೂ ಅಷ್ಟು ಪ್ರೀತಿ.

ವಿಲ್ಲಿಸ್ ಮಾತ್ರ ಶುರು ಮಾಡಿದ್ದು ಮೊಳೆಗಳಿಂದ. 1948ರಲ್ಲಿ ಅವರ 'ಸ್ಲಾಂಟ್' ಹೊರಬಂತು. ಕೈಮುದ್ರಣದ ಪುಟ್ಟ ಯಂತ್ರ. ಚಿತ್ರಗಳಿಗೆ ಜೇಮ್ಸ್ ವೈಟ್ ಅನ್ನುವ ಗೆಳೆಯ. ಅವರು ಬಟ್ಟೆ ಹೊಲಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಚಿತ್ರವನ್ನು ಅಚ್ಚಿನ ಪಡಿಯಚ್ಚಾಗಿ ಕೈಯಲ್ಲೇ ಕೆತ್ತಿಕೊಡುತ್ತಿದ್ದರು. ಒಬ್ಬರು ಅಕ್ಷರ ಕೂಡಿಸುವುದು, ಇನ್ನೊಬ್ಬರು ಚಿತ್ರ ಕೆತ್ತುವುದು. ವಿಲ್ಲಿಸ್ ಅವರ ಹೆಂಡತಿ ಮ್ಯಾಡೆಲೀನ್ ಕೂಡ ಅದೇ ಗುಂಪಿನವರು. ಒಟ್ಟು 7 ಸಂಚಿಕೆ ಬಂತು.

ನನಗೆ ಅನ್ನಿಸುವುದು ಇಷ್ಟು. ವಿಲ್ಲಿಸ್ ಅವರ ಹಾಸ್ಯದಲ್ಲಿ ಒಂದು ಪದವೂ ಜಾಸ್ತಿ ಇರುವುದಿಲ್ಲ. ಮೊಳೆ ಮೊಳೆ ಎತ್ತಿ ಇಟ್ಟ ಕೈಗೆ ಬೇಡದ ಪದದ ಭಾರ ಎಷ್ಟು ಅಂತ ಗೊತ್ತಿರುತ್ತದೆ, ಅಲ್ವಾ? ಓದುಗರು ಕೆಲವೇ ನೂರು ಜನ. ಅಷ್ಟೇ ಜನಕ್ಕೆ ತಾನೆ ಅಂತ ಅವರು ಒಂದು ವಾಕ್ಯವನ್ನೂ ಸುಮ್ನೆ ಬಿಡಲಿಲ್ಲ.

ಅವರಿಗೆ ಶಬ್ದಗಳ ಜೊತೆ ಆಟ ಅಂದರೆ ಪ್ರಾಣ. 'ಸ್ಲಾಂಟ್' ಅಂದರೆ ಓರೆ. ಹಾಗಾಗಿ ಅವರ ಮನೆಗೆ 'ಆಬ್ಲಿಕ್ ಹೌಸ್' ಅಂತ ಹೆಸರು, ಅದೂ ಓರೆಯೇ. 1952ರಲ್ಲಿ ಎರಡನೇ ಪತ್ರಿಕೆ ಶುರುವಾಯಿತು, ಅದರ ಹೆಸರು 'ಹೈಫನ್'. ಎರಡು ಪದಗಳನ್ನು ಕೂಡಿಸುವ ಪುಟ್ಟ ಅಡ್ಡಗೀಟು. ಬೇರೊಬ್ಬರ ಪತ್ರಿಕೆಗೆ ಅವರು ಬರೆಯುತ್ತಿದ್ದ ಅಂಕಣಕ್ಕೆ ಇಟ್ಟ ಹೆಸರಂತೂ ನನಗೆ ಬಹಳ ಇಷ್ಟ. ಐರ್ಲೆಂಡಿನಲ್ಲಿ ಥಾಮಸ್ ಮೂರ್ ಬರೆದ ಹಾಡೊಂದು ಎಲ್ಲರ ಬಾಯಲ್ಲೂ ಇತ್ತು. ಒಂದು ಕಾಲದಲ್ಲಿ ಐರ್ಲೆಂಡಿನ ಹಳೆಯ ರಾಜರ ತಾರಾ ಅರಮನೆಯಲ್ಲಿ ನುಡಿಯುತ್ತಿದ್ದ ಹಾರ್ಪ್ ಅನ್ನುವ ತಂತಿವಾದ್ಯ ಈಗ ಮೂಕವಾಗಿದೆ ಅನ್ನುವ ದುಃಖದ ಹಾಡು. 'ದಿ ಹಾರ್ಪ್ ದಟ್ ಒನ್ಸ್' ಅಂತ ಶುರುವಾಗುತ್ತದೆ. ಅಲ್ಲಿ 'ಒನ್ಸ್' ಅಂದರೆ 'ಒಂದು ಕಾಲದಲ್ಲಿ'. ಅದಕ್ಕೆ 'ಒಂದು ಸಲ' ಅನ್ನುವ ಅರ್ಥವೂ ಇದೆ. ವಿಲ್ಲಿಸ್ ಎರಡೇ ಪದ ಸೇರಿಸಿದರು: 'ದಿ ಹಾರ್ಪ್ ದಟ್ ಒನ್ಸ್ ಆರ್ ಟ್ವೈಸ್'. ಒಂದೆರಡು ಸಲ ನುಡಿದ ಹಾರ್ಪ್! ರಾಜವೈಭವದ ಗೋಳೆಲ್ಲ ಇಳಿದು, ಯಾರೋ ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ತಂತಿ ಮೀಟಿದ ಹಾಗಾಯಿತು.

ಈ ಅಂಕಣ ಬರುತ್ತಿದ್ದುದು ಅಮೆರಿಕದ ಸವಾನ್ನಾ ಊರಿನಿಂದ ಹೊರಡುತ್ತಿದ್ದ 'ಕ್ವಾಂಡ್ರಿ' ಪತ್ರಿಕೆಯಲ್ಲಿ. ಸಂಪಾದಕರು ಲೀ ಹಾಫ್‌ಮನ್. ಲೀ ಅನ್ನುವ ಹೆಸರು ನೋಡಿ ಯಾರೋ ಹುಡುಗ ಇರಬೇಕು ಅಂದುಕೊಂಡವರೇ ಬಹಳ. 1951ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆದಾಗ ಎಲ್ಲರ ಎದುರು ಬಂದು ನಿಂತದ್ದು ಹತ್ತೊಂಬತ್ತರ ಆಸುಪಾಸಿನ ಹುಡುಗಿ. ಬರೀ ಕಾಗದದ ಮೇಲೆ ಬೆಳೆದ ಸ್ನೇಹಗಳು ಅವು.

ಆಗ ಬ್ರಿಟನ್ನಿನವರಿಗೆ ಡಾಲರ್ ಕಳಿಸಲು ಕಟ್ಟುನಿಟ್ಟು ಇತ್ತು. ಯುದ್ಧ ಮುಗಿದು ವರ್ಷಗಳಾದರೂ ಅಮೆರಿಕದ ಕಥಾಪತ್ರಿಕೆ ತರಿಸುವುದೇ ಕಷ್ಟ. ಇನ್ನು ಅಲ್ಲಿಗೆ ಹೋಗುವ ಮಾತೆಲ್ಲಿ? ಆಗ ಫ್ಲಾರಿಡಾದ ಶೆಲ್ಬಿ ವಿಕ್ ಅನ್ನುವ ಅಭಿಮಾನಿ, ವಿಲ್ಲಿಸ್ ಅವರನ್ನು ಕರೆಸಲೇಬೇಕು ಅಂತ ಹೊರಟರು. ಇಂಗ್ಲಿಷಿನಲ್ಲಿ ಪ್ರಾಸ ಕೂಡಿಸಿ ಘೋಷಣೆ ಕಟ್ಟಿ, ಸಣ್ಣ ಸಣ್ಣ ಮೊತ್ತದ ಚಂದಾ ಎತ್ತಿದರು. 1952ರಲ್ಲಿ ವಿಲ್ಲಿಸ್ ಶಿಕಾಗೋ ಸಮ್ಮೇಳನಕ್ಕೆ ಹೋದರು. ಅಲ್ಲಿ ಅವರಿಗಾಗಿ ಕಾದಿದ್ದವರು ಅವರ ಮುಖವನ್ನೇ ನೋಡಿರಲಿಲ್ಲ, ಬರಹವನ್ನು ಮಾತ್ರ ನೋಡಿದ್ದರು. ಈ ಪ್ರವಾಸದ ಬಗ್ಗೆ ವಿಲ್ಲಿಸ್ ಬರೆದ 'ದಿ ಹಾರ್ಪ್ ಸ್ಟೇಟ್‌ಸೈಡ್' ಅನ್ನು ಆ ಜನ ಇವತ್ತಿಗೂ ತೆಗೆದು ಓದುತ್ತಾರೆ. ಆ ಒಂದು ಪ್ರಯಾಣದಿಂದಲೇ ಮರುವರ್ಷ ಅಟ್ಲಾಂಟಿಕ್‌ ಸಾಗರದ ಆಚೀಚೆ ಅಭಿಮಾನಿಗಳನ್ನು ಕಳಿಸುವ ಒಂದು ನಿಧಿ ಹುಟ್ಟಿಕೊಂಡಿತು. ಅದಕ್ಕೆ 'ಟ್ಯಾಫ್' ಅಂತ ಕರೆಯುತ್ತಾರೆ. ಯಾರನ್ನು ಕಳಿಸಬೇಕು ಅಂತ ಅಭಿಮಾನಿಗಳೇ ಮತ ಹಾಕಿ ಆರಿಸುತ್ತಾರೆ.

ಇನ್ನು ಆಬ್ಲಿಕ್ ಹೌಸಿನ ಅಟ್ಟಕ್ಕೆ ಬನ್ನಿ. ಸಂಜೆಗಳಲ್ಲಿ ಅಲ್ಲಿ ಸೇರುತ್ತಿದ್ದವರು ವೈಟ್, ಬಾಬ್ ಶಾ, ಜಾರ್ಜ್ ಚಾರ್ಟರ್ಸ್, ಜಾನ್ ಬೆರ್ರಿ, ಅವರವರ ಮನೆಯವರು. ಬೆರ್ರಿ ಪೊಲೀಸ್ ಇಲಾಖೆಯವರು. ತಮ್ಮದೇ ಗೆಳೆಯರನ್ನು ಪಾತ್ರ ಮಾಡಿ ಪತ್ತೇದಾರಿ ತಮಾಷೆ ಕಥೆಗಳನ್ನು ಬರೆಯುತ್ತಿದ್ದರು. ಅಟ್ಟದಲ್ಲಿ ಇವರೆಲ್ಲ ಸೇರಿ ಒಂದು ಆಟ ಹುಟ್ಟುಹಾಕಿದ್ದರು, 'ಘುಡ್‌ಮಿಂಟನ್'. ಬ್ಯಾಡ್‌ಮಿಂಟನ್ನಿನ 'ಬ್ಯಾಡ್' ತೆಗೆದು 'ಗುಡ್' ಮಾಡಿ, ನಡುವೆ ತಮ್ಮ ಪಂಗಡದ ರೂಢಿಯ ಒಂದು 'ಹ'ಕಾರ ಸೇರಿಸಿದ ಹೆಸರು. ಬ್ಯಾಟಿನ ಬದಲು ರಟ್ಟಿನ ತುಂಡು. ಗರಿ ಕಿತ್ತುಹೋದ ಷಟಲ್. ಇಷ್ಟಗಲ ಕೋಣೆ, ಅಷ್ಟೊಂದು ಜನ, ಮೈಮೇಲೆ ಬಿದ್ದು ಆಡುವ ಆಟ. ಆಡಿ ಬೆವೆತು, ಕೆಳಗಿಳಿದು ಚಹಾ ಕುಡಿಯುತ್ತಾ ಕೂತರೆ ಶ್ಲೇಷೆಗಳ ಸುರಿಮಳೆ. ಅಲ್ಲಿ ಯಾರೋ ಅಂದ ಮಾತು, ಯಾವುದೋ ಪತ್ರದಲ್ಲಿ ಬಂದ ಸಾಲು, ಹಿಂದುಮುಂದಿಲ್ಲದೆ 'ಹೈಫನ್'ನ ಹಿಂಬದಿಯ ರಕ್ಷಾಪುಟಕ್ಕೆ ಹೋಗುತ್ತಿತ್ತು. ಪತ್ರಿಕೆ ಕೈಗೆ ಬಂದ ಕೂಡಲೇ ಜನ ಮೊದಲು ತಿರುಗಿಸಿ ನೋಡುತ್ತಿದ್ದುದೇ ಆ ಪುಟವನ್ನು. ನಾನು ಆಡಿದ ಮಾತು ಇದೆಯಾ ಅಂತ ಹುಡುಕುವ ಸಂತೋಷ ಸಣ್ಣದಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿಲ್ಲಿಸ್ ಪ್ರಾಟೆಸ್ಟೆಂಟ್ ಮನೆತನದವರು, ವೈಟ್ ಕ್ಯಾಥೊಲಿಕ್. ಬೆಲ್‌ಫಾಸ್ಟಿನಲ್ಲಿ ಈ ಎರಡು ಪದಗಳ ನಡುವೆ ಎಂಥ ಗೋಡೆ ಇತ್ತು, ಆಮೇಲೆ ಎಷ್ಟು ರಕ್ತ ಹರಿಯಿತು ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಊರಿನಲ್ಲೇ ಇವರಿಬ್ಬರೂ ಒಂದೇ ಯಂತ್ರದ ಮುಂದೆ ನಿಂತು ಕೈಗೆ ಮಸಿ ಮಾಡಿಕೊಂಡರು. ವೈಟ್ ಮುಂದೆ ಕಥೆಗಾರರಾಗಿ, ನೂರಾರು ಬಗೆಯ ಜೀವಿಗಳು ಒಂದೇ ಸೂರಿನಡಿ ಚಿಕಿತ್ಸೆ ಪಡೆಯುವ ಅಂತರಿಕ್ಷದ ಆಸ್ಪತ್ರೆಯ ಕಥೆಗಳನ್ನು ಬರೆದರು. ಆ ಆಸ್ಪತ್ರೆಯಲ್ಲಿ ನನಗೆ ಆಬ್ಲಿಕ್ ಹೌಸಿನ ಅಟ್ಟವೂ ಕಾಣುತ್ತದೆ.

1954ರಲ್ಲಿ ವಿಲ್ಲಿಸ್ ಮತ್ತು ಬಾಬ್ ಶಾ ಕೂಡಿ 'ದಿ ಎನ್‌ಚಾಂಟೆಡ್ ಡೂಪ್ಲಿಕೇಟರ್' ಅನ್ನುವ ಕಥೆ ಬರೆದರು, ಮಾಯಾ ಸೈಕ್ಲೋಸ್ಟೈಲ್ ಯಂತ್ರದ ಕಥೆ. ಜೋಫಾನ್ ಅನ್ನುವ ಹುಡುಗ, ಅಂದರೆ ಯಾವನೋ ಒಬ್ಬ ಸಾಮಾನ್ಯ ಅಭಿಮಾನಿ, ಮಂಡೇನ್ ಅನ್ನುವ ಸಪ್ಪೆ ನಾಡು ಬಿಟ್ಟು ಹೊರಡುತ್ತಾನೆ. ಎಲ್ಲಕ್ಕಿಂತ ಚೆನ್ನಾದ ಪತ್ರಿಕೆಯನ್ನು ಅಚ್ಚು ಮಾಡುವ ಮಾಯಾಯಂತ್ರ ಅವನಿಗೆ ಬೇಕು. ದಾರಿಯಲ್ಲಿ ಜಡತೆಯ ಬೆಟ್ಟ, ಅನುಭವ ಸಾಲದ ಕಾಡು, ಯಾರೂ ತಿರುಗಿ ನೋಡದ ಮರುಭೂಮಿ. ಕಾಪಾಡಲು ಕೈಯಲ್ಲಿ ಒಂದು ಗುರಾಣಿ. ಆ ಗುರಾಣಿಯ ಹೆಸರು ಹಾಸ್ಯ. ಕೊನೆಗೆ ಗೋಪುರದ ಮೇಲೆ ಹತ್ತಿ ನೋಡಿದರೆ ಅಲ್ಲಿರುವುದು ತುಕ್ಕು ಹಿಡಿದ ಒಂದು ಹಳೆಯ ಯಂತ್ರ. ಎದೆ ಒಡೆದು, ಆದರೂ ಕೈಚಾಚಿ ಹಿಡಿಕೆ ಮುಟ್ಟುತ್ತಾನೆ. ಮುಟ್ಟಿದ ಕೂಡಲೇ ಯಂತ್ರ ಫಳಫಳ ಹೊಳೆದು ತಿರುಗುತ್ತದೆ. ಅಲ್ಲಿಯವರೆಗೂ ನಕ್ಕುಕೊಂಡೇ ಓದಿರುತ್ತೇವೆ. ಆ ಜಾಗಕ್ಕೆ ಬಂದಾಗ ಮಾತ್ರ ನನ್ನ ಗಂಟಲು ಕಟ್ಟುತ್ತದೆ.

1958ರಲ್ಲಿ ಚುರುಕಿನ ಅಭಿಮಾನಿ ಅಂತ ವಿಲ್ಲಿಸ್ ಅವರಿಗೆ ಹ್ಯೂಗೋ ಪ್ರಶಸ್ತಿ ಬಂತು, ವಿಶ್ವ ಸಮ್ಮೇಳನದಲ್ಲಿ ಕೊಡುವ ವಿಜ್ಞಾನ ಕಥಾ ಲೋಕದ ದೊಡ್ಡ ಗೌರವ ಅದು. ಮುಂದೆ ರಿಚರ್ಡ್ ಬರ್ಜೆರಾನ್ ಅನ್ನುವವರು ವಿಲ್ಲಿಸ್ ಅವರ ಬಹಳಷ್ಟು ಬರಹಗಳನ್ನು ಕೂಡಿಸಿ, ತಮ್ಮ ಪತ್ರಿಕೆಯ ಒಂದೇ ಸಂಚಿಕೆಯಾಗಿ ತಂದರು. 600ಕ್ಕೂ ಹೆಚ್ಚು ಪುಟ, ಗಟ್ಟಿ ರಟ್ಟಿನ ಹೊದಿಕೆ, ಅಷ್ಟನ್ನೂ ಸೈಕ್ಲೋಸ್ಟೈಲ್‌ನಲ್ಲೇ ತೆಗೆದದ್ದು. ಹಿಡಿಕೆ ಎಷ್ಟು ಸಲ ತಿರುಗಿರಬೇಕು, ಯೋಚಿಸಿ. ಶಿಕಾಗೋಗೆ ಹೋಗಿ ಸರಿಯಾಗಿ 40 ವರ್ಷಕ್ಕೆ, 1992ರಲ್ಲಿ, ಒರ್ಲಾಂಡೋದ ವಿಶ್ವ ಸಮ್ಮೇಳನ ಅವರನ್ನು ಗೌರವ ಅತಿಥಿಯಾಗಿ ಕರೆಯಿತು.

ವಿಲ್ಲಿಸ್ ಮತ್ತು ವೈಟ್ ಇಬ್ಬರೂ ತೀರಿಕೊಂಡದ್ದು 1999ರಲ್ಲಿ, ಆಗಸ್ಟಿನಲ್ಲಿ ವೈಟ್, ಅಕ್ಟೋಬರಿನಲ್ಲಿ ವಿಲ್ಲಿಸ್. ಐದು ವರ್ಷದ ಮೇಲೆ, 2004ರಲ್ಲಿ, ಬಾಸ್ಟನ್ ಸಮ್ಮೇಳನದಲ್ಲಿ ಅರ್ಧ ಶತಮಾನ ಹಿಂದಿನ ಕೆಲಸಗಳಿಗೆ ಹ್ಯೂಗೋ ಕೊಟ್ಟರು. ಅಭಿಮಾನಿ ಪತ್ರಿಕೆಗಳಲ್ಲಿ ಗೆದ್ದದ್ದು 'ಸ್ಲಾಂಟ್'. ಕರೆದ ಹೆಸರು ಎರಡು. ಸಂಪಾದಕ ವಾಲ್ಟ್ ವಿಲ್ಲಿಸ್. ಚಿತ್ರಗಳು, ಜೇಮ್ಸ್ ವೈಟ್.

ನಮಸ್ಕಾರ.