ಓಗರ್‌ನ ಕಣ್ಣಿಗೇ ಬಾಣ ಬಿಟ್ಟರೆ?

ಇದು ನಮ್ಮ ಭಾನುವಾರದ ಆಟ. ಮೇಜಿನ ಮೇಲೆ ಚುರುಮುರಿ, ಚಹಾ, ನಡುವೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ನಕ್ಷೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಇದು. ಇಪ್ಪತ್ತು ಮುಖದ ದಾಳ ಹಿಡಿದು ಕೂತಿರುವವಳು ನನ್ನ ಚಿಕ್ಕಮ್ಮನ ಮಗಳು. ಅವಳ ಪಾತ್ರ ಐದನೇ ಲೆವೆಲ್‌ನ ಬಿಲ್ಲುಗಾರ್ತಿ. ಎದುರಾಳಿಗಳನ್ನೂ ಆಡಿಸುತ್ತಾ ಆಟ ನಡೆಸುವ ಡಿಎಂ ನಾನು. ಆವತ್ತು ಎದುರಿಗೆ ಬಂದದ್ದು ಒಂದು ಓಗರ್, ಅಂದರೆ ದೈತ್ಯ ರಾಕ್ಷಸ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ನಾನು ಅದರ ಕಣ್ಣಿಗೇ ಹೊಡೀಲಾ?"

ಈ ಆಟ ಆಡುವ ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಕಾಲ್ಡ್ ಶಾಟ್ ಅನ್ನುತ್ತಾರೆ. ನಾವು ಆಡುವುದು 2014ರ ಐದನೇ ಆವೃತ್ತಿ. ಕಣ್ಣು, ಮೊಣಕಾಲು, ಕೈ ಅಂತ ಗುರಿ ಇಡಲು ಅದರಲ್ಲಿ ಸಾಮಾನ್ಯ ನಿಯಮ ಇಲ್ಲ. ನಾನು ಯೋಚಿಸದೆ ಹೇಳಿಬಿಟ್ಟೆ: "ಹೊಡಿ, ಆದರೆ ದಾಳಕ್ಕೆ ಮೈನಸ್ 5. ತಗುಲಿದರೆ ಕುರುಡು."

ಎಂಥ ಮೂರ್ಖತನ ಮಾಡಿದೆ ಅಂತ ರಾತ್ರಿ ಲೆಕ್ಕ ಹಾಕಿದಾಗ ಗೊತ್ತಾಯಿತು.

ಅವಳ ದಾಳಕ್ಕೆ ಸೇರುವುದು ಪ್ಲಸ್ 9. ಓಗರ್‌ನ ಆರ್ಮರ್ ಕ್ಲಾಸ್, ಅಂದರೆ ಏಟು ತಗುಲಲು ತಲುಪಬೇಕಾದ ಅಂಕ, ಬರೀ 11. ಮೈನಸ್ 5 ಹಾಕಿದರೂ ಪ್ರತಿ ಬಾಣ ತಗುಲುವ ಸಾಧ್ಯತೆ 70 ಶೇಕಡಾ. ಅವಳಂಥ ಐದನೇ ಲೆವೆಲ್‌ನ ಫೈಟರ್‌ಗೆ (ಯೋಧ ಪಾತ್ರಕ್ಕೆ) ಒಂದು ಸರದಿಗೆ ಎರಡು ಬಾಣ. ಎರಡರಲ್ಲಿ ಒಂದಾದರೂ ನಾಟುವ ಸಾಧ್ಯತೆ 91 ಶೇಕಡಾ! 59 ಹಿಟ್ ಪಾಯಿಂಟ್ (ಸೊನ್ನೆಗೆ ಇಳಿದರೆ ಬೀಳುವ ಪ್ರಾಣದ ಲೆಕ್ಕ) ಇರುವ ಪ್ರಾಣಿ, ಅದು ಒಂದು ಹೆಜ್ಜೆ ಇಡುವ ಮೊದಲೇ ಕುರುಡು. ಡಿಸ್‌ಅಡ್ವಾಂಟೇಜ್ ಕೊಟ್ಟಿದ್ದರೆ, ಅಂದರೆ ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಹಿಡಿ ಅಂದಿದ್ದರೆ, ಇನ್ನೂ ಹಾಸ್ಯಾಸ್ಪದ. ಮಾಮೂಲಿ 95 ಶೇಕಡಾ ಇದ್ದದ್ದು 90ಕ್ಕೆ ಇಳಿಯುತ್ತಿತ್ತು, ಅಷ್ಟೇ.

ಮುಂದಿನ ವಾರ ನಾನೂ ಸುಮ್ನೆ ಇರಲಿಲ್ಲ. ಗಾಬ್ಲಿನ್ ಎಂಬ ಆರು ಕುಳ್ಳ ಜೀವಿಗಳನ್ನು ತಂದೆ. ಆರೂ ಬಿಲ್ಲು ಎತ್ತಿ ನಮ್ಮ ಮಂತ್ರವಾದಿಯ ಕೈಗೇ ಗುರಿ ಇಟ್ಟವು. ಎರಡು ಬಾಣ ನಾಟಿದವು. ಕೈ ಇಲ್ಲದೆ ಮಂತ್ರ ಹೇಗೆ ಹಾಕುವುದು? ಆ ಪಾತ್ರ ಆಡುವ ಗೆಳೆಯ ಉಳಿದ ಎರಡು ಗಂಟೆ ಚುರುಮುರಿ ತಿನ್ನುತ್ತಾ ಕೂತ. ಒಂದು ಮಾತೂ ಆಡಲಿಲ್ಲ.

ಓಗರ್ ಬದುಕುವುದು ಅರ್ಧ ಗಂಟೆ. ಅದರ ಕಣ್ಣು ಹೋದರೆ ಅಳುವವರಿಲ್ಲ. ಆಟಗಾರರ ಪಾತ್ರಗಳು ವರ್ಷಗಟ್ಟಲೆ ಬದುಕಬೇಕು. ಹಾಗಾಗಿ ಎರಡೂ ಕಡೆಗೆ ಒಂದೇ ನಿಯಮ ಅಂದ ತಕ್ಷಣ ನಷ್ಟವೆಲ್ಲ ಆಟಗಾರರಿಗೇ.

ಇದು ಹೊಸ ತಲೆನೋವೇನೂ ಅಲ್ಲ. ಆಟ ಹೊರಬಂದದ್ದು 1974ರಲ್ಲಿ. 1975ರಲ್ಲೇ ಬ್ಲ್ಯಾಕ್‌ಮೂರ್ ಎಂಬ ಪುರವಣಿಯಲ್ಲಿ ತಲೆ, ಎದೆ, ಕೈಕಾಲಿಗೆ ಹಿಟ್ ಪಾಯಿಂಟ್ ಹಂಚುವ ಪಟ್ಟಿ ಬಂತು. ಆದರೆ ಅದು ಈ ಆಟದ ಮುಖ್ಯ ನಿಯಮವಾಗಿ ಉಳಿಯಲಿಲ್ಲ. ಗರ್ಪ್ಸ್ ಎಂಬ ಇನ್ನೊಂದು ಆಟದಲ್ಲಿ ಕಣ್ಣಿಗೆ ಮೈನಸ್ 9, ತಲೆಬುರುಡೆಗೆ ಮೈನಸ್ 7, ಕಾಲಿಗೆ ಮೈನಸ್ 2. ಅಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಯಾಕೆಂದರೆ ಅಲ್ಲಿ ಒಂದು ಗಾಯ ಅಂದರೆ ನಿಜವಾಗಿಯೂ ಒಂದು ಗಾಯ. ನಮ್ಮ ಆಟದ ಹಿಟ್ ಪಾಯಿಂಟ್ ಹಾಗಲ್ಲ. ಅದರಲ್ಲಿ ದಮ್ಮು, ಛಲ, ಅದೃಷ್ಟ ಎಲ್ಲ ಬೆರೆತಿದೆ. 59ರಲ್ಲಿ 8 ಹೋಯಿತು ಅಂದರೆ ಬಾಣ ಚರ್ಮ ಸವರಿಕೊಂಡು ಹೋಗಿರಬಹುದು. ಅಂಥ ಲೆಕ್ಕದ ಮೇಲೆ ಕಣ್ಣು ಕೀಳುವ ನಿಯಮ ಕೂರಿಸಿದರೆ ಅದು ಕೂರುವುದಿಲ್ಲ.

ನಾನು ನಿಯಮ ಬದಲಿಸಲು ಹೊರಟಾಗ ಫೈಟರ್ ಆಡುವ ಇನ್ನೊಬ್ಬ ಗೆಳೆಯ ಜಗಳಕ್ಕೆ ನಿಂತ. "ಭೀಮ ದುರ್ಯೋಧನನ ತೊಡೆಗೆ ಹೊಡೀಲಿಲ್ವಾ?" ಹೊಡೆದ ಮಾರಾಯ, ಆದರೆ ಅದು ನಿಯಮ ಮುರಿದ ಹೊಡೆತ. ನೇಗಿಲು ಎತ್ತಿಕೊಂಡು ಬಂದ ಬಲರಾಮನನ್ನು ಕೃಷ್ಣನೇ ಹಿಡಿಯಬೇಕಾಯಿತು. ವಾದ ನಾನೇ ಗೆದ್ದೆ ಅಂದುಕೊಂಡೆ. ಆಮೇಲೆ ಹೊಳೆಯಿತು: ತೊಡೆ ಮುರಿದದ್ದು ಕಾಳಗದ ಕೊನೆಯ ಏಟಿನಲ್ಲಿ, ಅಲ್ವಾ? ಅವನಿಗೆ ಗೊತ್ತಿಲ್ಲದೆಯೇ ನಿಯಮದ ಅರ್ಧಭಾಗ ಅವನೇ ಕೊಟ್ಟಿದ್ದ.

ಈಗ ನಮ್ಮ ಮನೆಯ ನಿಯಮ ಹೀಗಿದೆ. ದಾಳ ಉರುಳಿಸುವ ಮೊದಲೇ ಎಲ್ಲಿಗೆ ಗುರಿ ಅಂತ ಹೇಳಬೇಕು. ಮೈನಸ್ ಏನೂ ಇಲ್ಲ. ಆದರೆ ತಗುಲಿದರೆ ಡ್ಯಾಮೇಜ್ ಸೊನ್ನೆ. ಬದಲಿಗೆ ಎದುರಾಳಿ ಸೇವ್ ಉರುಳಿಸಬೇಕು, ಅಂದರೆ ತಪ್ಪಿಸಿಕೊಳ್ಳಲು ದಾಳ ಹಾಕಬೇಕು. ಸೋತರೆ ಕಣ್ಣಿಗೆ ರಕ್ತ ಇಳಿಯುತ್ತದೆ, ಅಥವಾ ಕಾಲು ಕುಂಟುತ್ತದೆ. ಅದೂ ಅದರ ಮುಂದಿನ ಸರದಿ ಮುಗಿಯುವವರೆಗೆ ಮಾತ್ರ. ಶಾಶ್ವತವಾಗಿ ಕಣ್ಣು ಹೋಗುವುದು, ಕೈ ತುಂಡಾಗುವುದು ಹಿಟ್ ಪಾಯಿಂಟ್ ಸೊನ್ನೆಗೆ ಇಳಿಸುವ ಏಟಿಗೆ ಮಾತ್ರ.

ಬಿಲ್ಲುಗಾರ್ತಿಯ ಏಟಿಗೆ ಎದುರಾಳಿ ಸೇವ್‌ನಲ್ಲಿ ತಲುಪಬೇಕಾದ ಅಂಕ 15. ಓಗರ್ ಸೋಲುವ ಸಾಧ್ಯತೆ 55 ಶೇಕಡಾ. ಬಾಣ ತಗುಲುವುದನ್ನೂ ಸೇರಿಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸರಾಸರಿ ಎಂಟೂವರೆ ಡ್ಯಾಮೇಜ್ ಬಿಟ್ಟುಕೊಟ್ಟು ಒಂದು ಸುತ್ತಿನ ಕುರುಡು. ಈಗ ಅವಳು ಯೋಚಿಸುತ್ತಾಳೆ. ಬ್ಯಾಟಲ್ ಮಾಸ್ಟರ್ (ಇಂಥ ವರಸೆಗಳಲ್ಲೇ ಪಳಗಿದ ಫೈಟರ್) ಆಡುವವರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಅವರು ಆಯುಧ ಉದುರಿಸುವಾಗ ಡ್ಯಾಮೇಜ್ ಕೂಡ ಕೊಡುತ್ತಾರೆ.

ಒಂದು ಕೊರತೆ ಇದೆ, ಒಪ್ಪುತ್ತೇನೆ. ವಯಸ್ಕ ಕೆಂಪು ಡ್ರ್ಯಾಗನ್‌ಗೆ ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನದ) ಸೇವ್ ಪ್ಲಸ್ 13. ದಾಳದಲ್ಲಿ 1 ಬಿದ್ದರೆ ಮಾತ್ರ ಅದು ಸೋಲುತ್ತದೆ. ಹಿಟ್ ಪಾಯಿಂಟ್ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಸೇವ್‌ಗೆ ಡಿಸ್‌ಅಡ್ವಾಂಟೇಜ್ ಕೊಟ್ಟು ನೋಡೋಣ ಅಂತ ಇದ್ದೇನೆ. ಅದಿನ್ನೂ ಮೇಜಿನ ಮೇಲೆ ಬಂದಿಲ್ಲ.

ಇದು ಕಳೆದ ಭಾನುವಾರದ ತುಣುಕು. ಮತ್ತೊಂದು ಓಗರ್. ಬಿಲ್ಲುಗಾರ್ತಿ ಕಣ್ಣು ಬಿಟ್ಟು ಬೇರೆಯದನ್ನೇ ಕೇಳಿದಳು: "ಅದರ ಸೊಂಟದ ದಾರಕ್ಕೆ ಹೊಡೀತೀನಿ." ಅದಕ್ಕೆ ನನ್ನ ಹತ್ತಿರ ನಿಯಮ ಇರಲಿಲ್ಲ. ಸರಿ, ಡೆಕ್ಸ್‌ಟೆರಿಟಿ (ಚುರುಕುತನದ) ಸೇವ್ ಅಂದೆ. ಬಿದ್ದದ್ದು 3. ಪಾಪ, ಓಗರ್ ಒಂದು ಕೈಯಲ್ಲಿ ಚಡ್ಡಿ ಹಿಡಿದು ನಿಂತಿತು. ಆಗ ಮಂತ್ರವಾದಿ ಗೆಳೆಯ ಪುಸ್ತಕ ತೆಗೆದು ಓದಿದ: ಓಗರ್‌ನ ದೊಣ್ಣೆ ಬೀಸಲು ಎರಡು ಕೈ ಬೇಕು.