ಪನಾಮಾ ಕಾಲುವೆ ಮತ್ತು ಇಬ್ಭಾಗವಾದ ನೌಕಾಪಡೆ

ಸಭೆಯಲ್ಲಿರುವ ಹಿರಿಯರೇ, ಸ್ನೇಹಿತರೇ,

ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ ಪನಾಮಾ ಕಾಲುವೆ ಎಂದರೆ ನಾವು ಸರಕು ಹಡಗುಗಳನ್ನೂ ಸುಂಕವನ್ನೂ ನೆನೆಯುತ್ತೇವೆ. ಆದರೆ ಆ ಕಾಲುವೆ ಬೇಕೇ ಬೇಕು ಎಂದು ಅಮೆರಿಕದ ಜನರಿಗೆ ಮನವರಿಕೆ ಮಾಡಿಕೊಟ್ಟದ್ದು ಒಂದು ಯುದ್ಧನೌಕೆ. 1898ರ ಮಾರ್ಚ್ 19ರಂದು ‘ಒರೆಗಾನ್’ ಪೆಸಿಫಿಕ್ ತೀರದ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟು, ಮೆಗೆಲನ್ ಜಲಸಂಧಿಯನ್ನು ಹಾದು, ದಕ್ಷಿಣ ಅಮೆರಿಕವನ್ನೇ ಸುತ್ತಿ ಅಟ್ಲಾಂಟಿಕ್ ಬದಿಯ ಫ್ಲಾರಿಡಾ ತೀರ ಸೇರುವಾಗ ಮೇ 24 ಆಗಿತ್ತು. ಸ್ಪೇನ್ ಜೊತೆಗಿನ ಯುದ್ಧ ಅಷ್ಟರಲ್ಲಿ ಆರಂಭವಾಗಿಯೇ ಹೋಗಿತ್ತು. ಜುಲೈ 3ರ ಕ್ಯೂಬಾದ ಸ್ಯಾಂಟಿಯಾಗೊ ಕದನಕ್ಕೆ ನೌಕೆ ಒದಗಿತು, ನಿಜ. ಶತ್ರು ಇನ್ನಷ್ಟು ಚುರುಕಾಗಿದ್ದಿದ್ದರೆ?

ಎರಡು ಸಾಗರಗಳಿಗೆ ತೀರವಿರುವ ದೇಶ ತನ್ನ ಪಡೆಯನ್ನು ಹಂಚಿಟ್ಟರೆ ಎರಡೂ ಕಡೆ ದುರ್ಬಲ. ಒಂದೇ ಕಡೆ ಇಟ್ಟರೆ ಇನ್ನೊಂದು ಕಡೆ ಬರಿದು. ಜಪಾನ್ ಜೊತೆಗಿನ ಯುದ್ಧದಲ್ಲಿ ಇದರ ಬೆಲೆ ತೆತ್ತದ್ದು ರಷ್ಯಾ. ಬಾಲ್ಟಿಕ್‌ನಿಂದ ಹೊರಟ ಅದರ ನೌಕಾಪಡೆ ಭೂಮಿಯ ಅರ್ಧ ಸುತ್ತು ಬರುವಷ್ಟರಲ್ಲಿ ಪೂರ್ವ ಏಷ್ಯಾದಲ್ಲಿದ್ದ ಅದರ ನೌಕಾನೆಲೆ ಪೋರ್ಟ್ ಆರ್ಥರ್ ಜಪಾನಿನ ವಶವಾಗಿತ್ತು. 1905ರ ಮೇ ತಿಂಗಳಲ್ಲಿ ಸುಶಿಮಾದಲ್ಲಿ ಆ ಪಡೆಯೂ ನಾಶವಾಯಿತು.

1903ರ ನವೆಂಬರ್‌ನಲ್ಲಿ ಕೊಲಂಬಿಯಾದಿಂದ ಪನಾಮಾ ಬೇರ್ಪಟ್ಟಾಗ ಅಮೆರಿಕದ ಯುದ್ಧನೌಕೆ ಕೊಲೋನ್ ಬಂದರಿನಲ್ಲಿ ನಿಂತಿತ್ತು. ಎರಡೇ ವಾರಗಳಲ್ಲಿ ಕಾಲುವೆಯ ಜಾಗವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. ಸಣ್ಣ ದೇಶವೊಂದರ ಎದೆಯ ಮೇಲೆ ಹತ್ತು ಮೈಲಿ ಅಗಲದ ಪಟ್ಟಿ ಪರರ ಪಾಲಾದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಅಲ್ಲಿ ಅಗೆದು ಸತ್ತವರಲ್ಲಿ ಹೆಚ್ಚಿನವರು ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದ್ವೀಪಗಳ ಕಪ್ಪು ಕೂಲಿಗಳು. ಸೈನಿಕ ಲೆಕ್ಕಾಚಾರದ ಮಾತಾಡುವಾಗ ಅವರನ್ನು ಮರೆಯಬಾರದು.

1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ಹಡಗುಗಳು ಲಾಕ್‌ಗಳ, ಅಂದರೆ ನೀರು ತುಂಬಿಸಿ ಹಡಗನ್ನು ಎತ್ತುವ, ನೀರು ಬಿಟ್ಟು ಇಳಿಸುವ ಗೇಟುಳ್ಳ ಕಟ್ಟೆಗಳ ಮೂಲಕ ಸುಮಾರು 26 ಮೀಟರ್ ಮೇಲೇರಿ, ಅಣೆಕಟ್ಟಿನಿಂದ ನಿಂತ ಗಟೂನ್ ಸರೋವರ ದಾಟಿ, ಆಚೆ ಇಳಿಯುತ್ತವೆ. ಬಲವೂ ದೌರ್ಬಲ್ಯವೂ ಇದರಲ್ಲೇ ಇವೆ. ಒಂದು ಅಣೆಕಟ್ಟು ಒಡೆದರೆ ಸರೋವರವೇ ಬರಿದಾಗುತ್ತದೆ, ಪಡೆ ಮತ್ತೆ ಇಬ್ಭಾಗ. ಎರಡೂ ತುದಿಗಳಲ್ಲಿ ಭಾರಿ ಫಿರಂಗಿಗಳನ್ನು ನೆಟ್ಟರು. ಆದರೆ 1929ರ ಸಮರಾಭ್ಯಾಸದಲ್ಲಿ ‘ಸಾರಟೋಗಾ’ ವಿಮಾನವಾಹಕ ನೌಕೆ ದೂರದ ಕಡಲಿನಿಂದ ವಿಮಾನಗಳನ್ನು ಹಾರಿಸಿ, ಪೆಸಿಫಿಕ್ ಬದಿಯ ಲಾಕ್‌ಗಳ ಮೇಲೆ ಅನಿರೀಕ್ಷಿತವಾಗಿ ಅಣಕು ದಾಳಿ ನಡೆಸಿತು. ಸಮುದ್ರದತ್ತ ಮುಖಮಾಡಿದ್ದ ಫಿರಂಗಿಗಳು ಆಕಾಶವನ್ನು ಕಾಯಲಾರವು ಎಂಬುದು ಅಂದೇ ಸ್ಪಷ್ಟವಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಗಟೂನ್ ಲಾಕ್‌ಗಳನ್ನು ಒಡೆಯಲೆಂದು ವಿಮಾನ ಹೊತ್ತೊಯ್ಯುವ ದೈತ್ಯ ಜಲಾಂತರ್ಗಾಮಿಗಳನ್ನು ಸಜ್ಜುಗೊಳಿಸಿತು. ದಾಳಿ ಮಾತ್ರ ನಡೆಯಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಕುತೂಹಲಕರ. ಲಾಕ್‌ನ ಅಗಲ 110 ಅಡಿ. ಅಮೆರಿಕದ ‘ಅಯೋವಾ’ ವರ್ಗದ ಯುದ್ಧನೌಕೆಗಳ ಅಗಲ 108 ಅಡಿಗೆ ತುಸು ಹೆಚ್ಚು. ಪಕ್ಕದಲ್ಲಿ ಒಂದೊಂದು ಅಡಿಯೂ ಉಳಿಯದಂತೆ ಅವನ್ನು ಕಟ್ಟಿದರು. ದಶಕಗಳ ಕಾಲ ಪನಾಮಾದ ಗೋಡೆಗಳೇ ನೌಕಾ ವಿನ್ಯಾಸಕಾರರ ಕೈ ಕಟ್ಟಿದ್ದವು. 1940ರಲ್ಲಿ ಎರಡೂ ಸಾಗರಗಳಿಗೆ ಸಾಲುವಷ್ಟು ಪಡೆ ಕಟ್ಟುವ ಕಾನೂನು ಬಂತು. 1945ರ ‘ಮಿಡ್‌ವೇ’ ವಿಮಾನವಾಹಕ ನೌಕೆ ಲಾಕ್‌ನೊಳಗೆ ಹಿಡಿಸಲೇ ಇಲ್ಲ. ಒಂದೇ ಪಡೆಯನ್ನು ಎರಡು ಕಡೆ ದುಡಿಸುವ ಮೂಲ ಉದ್ದೇಶ ಅಲ್ಲಿಗೆ ಸಡಿಲವಾಯಿತು.

1999ರ ಕೊನೆಯ ದಿನ ಕಾಲುವೆ ಪನಾಮಾದ ಕೈ ಸೇರಿತು. ತಟಸ್ಥತೆಯ ಒಪ್ಪಂದದಂತೆ ಎಲ್ಲ ದೇಶಗಳ ಹಡಗುಗಳಿಗೂ, ಯುದ್ಧಕಾಲದಲ್ಲಿ ಸಹ, ದಾರಿ ತೆರೆದಿರಬೇಕು. ಆದರೆ 2023ರ ಬರದಲ್ಲಿ ಸರೋವರದ ನೀರು ಇಳಿದು, ದಿನಕ್ಕೆ ಹಾಯುವ ಹಡಗುಗಳ ಸಂಖ್ಯೆಯನ್ನೇ ಕಡಿತಗೊಳಿಸಬೇಕಾಯಿತು. ಇಂದು ಆ ದಾರಿಯ ರಕ್ಷಣೆಯ ಬಗ್ಗೆ ಯೋಚಿಸುವವರು ಫಿರಂಗಿಗಿಂತ ಮೊದಲು ಗಟೂನ್‌ನ ನೀರಿನ ಮಟ್ಟವನ್ನು ನೋಡಬೇಕಾಗಿದೆ.