ಸಂದೇಶ್ ಜಿಂಗನ್ ಇಲ್ಲದ ಮ್ಯಾಚ್‌ಗಳು

ನಮಸ್ಕಾರ. ಇವತ್ತು ಭಾರತ ಫುಟ್‌ಬಾಲ್ ತಂಡದ ಒಬ್ಬ ಡಿಫೆಂಡರ್, ಅಂದ್ರೆ ಎದುರಾಳಿ ಗೋಲು ಹೊಡೀದಂತೆ ತಡೆಯೋ ಆಟಗಾರನ ಬಗ್ಗೆ ಮಾತಾಡೋಣ. ಸ್ಟ್ರೈಕರ್ ಬಗ್ಗೆ ವಿಡಿಯೋ ಮಾಡೋದು ಸುಲಭ, ಗೋಲುಗಳನ್ನ ಸಾಲಾಗಿ ಜೋಡಿಸಿದ್ರೆ ಆಯ್ತು. ಡಿಫೆಂಡರ್ ತಪ್ಪಿಸಿದ ಗೋಲು ಯಾವ ಸ್ಕೋರ್‌ಕಾರ್ಡ್‌ನಲ್ಲೂ ಇರಲ್ಲ. ಅದಕ್ಕೇ ನಾನು ಸಂದೇಶ್ ಜಿಂಗನ್ ಆಡಿದ ಮ್ಯಾಚ್‌ಗಳ ಜೊತೆಗೆ, ಅವರು ಆಡದ ಮ್ಯಾಚ್‌ಗಳನ್ನೂ ನೋಡ್ತಾ ಕೂತೆ.

2019, ಸೆಪ್ಟೆಂಬರ್ 10, ದೋಹಾ. ವಿಶ್ವಕಪ್ ಅರ್ಹತಾ ಪಂದ್ಯ. ಎದುರಿಗೆ ಕತಾರ್, ಅದೇ ವರ್ಷ ಏಷ್ಯನ್ ಕಪ್ ಗೆದ್ದ ತಂಡ. ನಮ್ಮ ಕ್ಯಾಪ್ಟನ್ ಸುನಿಲ್ ಛೇಟ್ರಿಗೆ ಜ್ವರ, ಆಡಲಿಲ್ಲ. ಕತಾರ್ ಶಾಟ್ ಮೇಲೆ ಶಾಟ್ ಹೊಡೀತಾನೇ ಇತ್ತು. ಗೋಲ್‌ನಲ್ಲಿ ಗುರ್‌ಪ್ರೀತ್, ಅವರ ಮುಂದೆ ಸಂದೇಶ್ ಮತ್ತು ಆದಿಲ್ ಖಾನ್. ಕೊನೆಗೆ 0-0! ಗುರ್‌ಪ್ರೀತ್ ಹೆಸರು ಎಲ್ಲರ ಬಾಯಲ್ಲೂ ಬಂತು, ಬರಲೇಬೇಕಿತ್ತು. ಆದ್ರೆ ಆ ಮ್ಯಾಚನ್ನ ಇನ್ನೊಮ್ಮೆ ಹಾಕಿ, ಚೆಂಡನ್ನ ಬಿಟ್ಟು ಗೋಲ್ ಮುಂದೆ ನಡುವಲ್ಲಿ ನಿಲ್ಲೋ ಆ ಇಬ್ಬರು ಡಿಫೆಂಡರ್‌ಗಳನ್ನ, ಅಂದ್ರೆ ಸೆಂಟರ್ ಬ್ಯಾಕ್‌ಗಳನ್ನ ಮಾತ್ರ ನೋಡಿ. ಕ್ರಾಸ್‌ಗೆ ತಲೆ ಕೊಡೋದು, ಶಾಟ್‌ಗೆ ಮೈ ಅಡ್ಡ ಹಾಕೋದು, ಬಿದ್ದು ಎದ್ದು ಮತ್ತೆ ಜಾಗಕ್ಕೆ ಓಡೋದು.

ಒಂದು ತಿಂಗಳು ಕಳೀತು ಅಷ್ಟೇ. ಅಭ್ಯಾಸ ಪಂದ್ಯವೊಂದರಲ್ಲಿ ಸಂದೇಶ್‌ಗೆ ಎಸಿಎಲ್ ಗಾಯ, ಅಂದ್ರೆ ಮೊಣಕಾಲಿನ ಒಂದು ಮುಖ್ಯ ಲಿಗಮೆಂಟ್‌ಗೆ ಪೆಟ್ಟು. ಇಡೀ ಸೀಸನ್ ಕೈತಪ್ಪಿತು. ಕೆಲವೇ ದಿನಗಳಲ್ಲಿ ಕೋಲ್ಕತ್ತಾದಲ್ಲಿ ಬಾಂಗ್ಲಾದೇಶದ ಜೊತೆ ಪಂದ್ಯ. ಅವರ ಒಂದು ಫ್ರೀ ಕಿಕ್, ಒಂದು ಹೆಡರ್, ಗೋಲು. ಆದಿಲ್ ಖಾನ್ 88ನೇ ನಿಮಿಷದಲ್ಲಿ ಸಮ ಮಾಡಿದ್ದಕ್ಕೆ 1-1 ಆಯ್ತು. ಸಂದೇಶ್ ಇದ್ದಿದ್ರೆ ಆ ಗೋಲು ಆಗ್ತಾನೇ ಇರ್ಲಿಲ್ಲ ಅಂತ ಆಣೆ ಇಟ್ಟು ಹೇಳೋಕಾಗಲ್ಲ. ಆದ್ರೆ ಅಂಥ ಚೆಂಡಿಗೆ ಮೊದಲು ಎಗರೋದು ಅವರೇ.

ಸಂದೇಶ್ ಚಂಡೀಗಢದ ಹುಡುಗ. ಯುನೈಟೆಡ್ ಸಿಕ್ಕಿಂನಿಂದ ಶುರು ಮಾಡಿ, 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಸೇರಿ, ಮೊದಲ ಇಂಡಿಯನ್ ಸೂಪರ್ ಲೀಗ್‌ನಲ್ಲೇ (ಐಎಸ್‌ಎಲ್) ಉದಯೋನ್ಮುಖ ಆಟಗಾರ ಪ್ರಶಸ್ತಿ ತಗೊಂಡ್ರು. ಆಮೇಲೆ ಅಲ್ಲೇ ಕ್ಯಾಪ್ಟನ್. 2020ರಲ್ಲಿ ಅರ್ಜುನ ಪ್ರಶಸ್ತಿ. 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಕ್ಲಬ್‌ಗೆ ಹೋದ್ರು, ಗಾಯದಿಂದ ಒಂದು ಲೀಗ್ ಮ್ಯಾಚ್ ಕೂಡ ಆಡದೇ ವಾಪಸ್ ಬರಬೇಕಾಯ್ತು. ನನಗೆ ಅದು ತುಂಬಾ ಬೇಜಾರಾದ ವಿಷಯ. 28ರ ವಯಸ್ಸಲ್ಲಿ ಯುರೋಪ್‌ಗೆ ಹೋಗೋ ಧೈರ್ಯ ನಮ್ಮ ಡಿಫೆಂಡರ್‌ಗಳಲ್ಲಿ ಎಷ್ಟು ಜನಕ್ಕಿದೆ?

ಈಗ ಸ್ಕ್ರೀನ್ ಮೇಲೆ ನೋಡ್ತಿರೋದು ನಮ್ಮ ಕಂಠೀರವ ಸ್ಟೇಡಿಯಂ. ಬೆಂಗಳೂರು ಎಫ್‌ಸಿಗೆ ಅವರು ಎರಡು ಸಲ ಆಡಿದ್ದಾರೆ. ಮೊದಲ ಸಲ ಬಂದಾಗ 2017ರ ಫೆಡರೇಷನ್ ಕಪ್, ಎರಡನೇ ಸಲ 2022ರ ಡುರಾಂಡ್ ಕಪ್ ಗೆದ್ರು. ಐಎಸ್‌ಎಲ್ ಮಾತ್ರ ಒಲಿಯಲೇ ಇಲ್ಲ. 2014, 2016, 2021, 2023, ಈ ನಾಲ್ಕೂ ಫೈನಲ್‌ಗಳಲ್ಲಿ ಸೋತಿದ್ದು ಸಂದೇಶ್ ಇದ್ದ ತಂಡವೇ.

ಇದೇ ಕಂಠೀರವದಲ್ಲಿ 2023ರ ಸ್ಯಾಫ್ ಕಪ್, ಅಂದ್ರೆ ದಕ್ಷಿಣ ಏಷ್ಯಾದ ಟೂರ್ನಿ. ಹಳದಿ ಕಾರ್ಡ್‌ಗಳಿಂದಾಗಿ ಲೆಬನಾನ್ ವಿರುದ್ಧದ ಸೆಮಿಫೈನಲ್‌ಗೆ ಅವರಿರಲಿಲ್ಲ. ಅವತ್ತು ತಂಡ ಗೋಲು ಬಿಟ್ಟುಕೊಡಲಿಲ್ಲ, ಅದನ್ನೂ ಹೇಳ್ಬೇಕು. ಜುಲೈ 4ರ ಫೈನಲ್‌ಗೆ ವಾಪಸ್ ಬಂದ್ರು. ಕುವೈತ್ ಎದುರು 1-1, ಶೂಟೌಟ್. ಸಂದೇಶ್ ತಮ್ಮ ಪೆನಾಲ್ಟಿಯನ್ನ ನೆಟ್‌ಗೆ ಸೇರಿಸಿದ್ರು, ಗುರ್‌ಪ್ರೀತ್ ಕೊನೆಯದನ್ನ ತಡೆದ್ರು, ಕಪ್ ನಮ್ಮದಾಯ್ತು.

ಆಮೇಲೆ 2024ರ ಜನವರಿ. ಏಷ್ಯನ್ ಕಪ್‌ನಲ್ಲಿ ಸಿರಿಯಾ ವಿರುದ್ಧ ಮತ್ತೆ ಗಾಯ, ಸೀಸನ್ ಮುಗೀತು. ಮಾರ್ಚ್‌ನಲ್ಲಿ ಗುವಾಹಟಿ, ಛೇಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ, ಅಫ್ಘಾನಿಸ್ತಾನದ ಎದುರು ಮೊದಲ ಗೋಲು ನಮ್ಮದೇ. ದ್ವಿತೀಯಾರ್ಧದಲ್ಲಿ ಎರಡು ಬಿಟ್ಟುಕೊಟ್ಟು ಸೋತ್ವಿ. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ಕೈಜಾರಿದ್ದಕ್ಕೆ ಆ ಸೋಲೂ ಒಂದು ದೊಡ್ಡ ಕಾರಣ. ಮುನ್ನಡೆ ಕಾಯಬೇಕಾದ ಆ ಹೊತ್ತಲ್ಲಿ ನನ್ನ ಕಣ್ಣು ಹುಡುಕ್ತಿದ್ದಿದ್ದು ಸಂದೇಶ್‌ನ.

2025ರ ಆಗಸ್ಟ್‌ನಲ್ಲಿ ತಜಿಕಿಸ್ತಾನವನ್ನ ಅವರ ನೆಲದಲ್ಲೇ 2-1ರಿಂದ ಸೋಲಿಸಿದಾಗ ಒಂದು ಗೋಲು ಸಂದೇಶ್‌ದು, ಇನ್ನೊಂದು ಅನ್ವರ್ ಅಲಿಯದು. ಎರಡೂ ಡಿಫೆಂಡರ್‌ಗಳದ್ದೇ! ಆ ಮ್ಯಾಚ್ ನೀವು ನೋಡಿಲ್ಲ ಅಂದ್ರೆ ದಯವಿಟ್ಟು ಹುಡುಕಿ ನೋಡಿ.